ಆ ಕಡ್ಡಿ ಪೈನ್ ಮರದ್ದಲ್ಲ

ಕಲಬುರಗಿಯ ಓದುಗರೊಬ್ಬರ ಪತ್ರ: ‘ನಮ್ಮ ಬಡಾವಣೆಯ ಉದ್ಯಾನದ ಏಳು ಪೈನ್ ಮರಗಳಿಗೆ ಕಡಿಯುವ ಗುರುತು ಬಿದ್ದಿದೆ. ಒಂದರಲ್ಲಿ ಹದ್ದಿನ ಗೂಡಿದೆ. ಪೈನ್ ಅಳಿವಿನಂಚಿನ ಮರವಲ್ಲವೇ? ಮನವಿ ಬರೆಯಲು ನೆರವಾಗಿ. ಕಡ್ಡಿಯೊಂದನ್ನು ಇಟ್ಟಿದ್ದೇನೆ.’

ಸಂಪಾದಕರ ಉತ್ತರ:

ಕಡ್ಡಿಯನ್ನು ಎಳೆದು ನೋಡಿದೆ, ಗಂಟುಗಂಟಿಗೆ ಕಳಚಿಕೊಂಡಿತು. ಪೈನ್ ಎಲೆ ಹಾಗೆ ಕಳಚುವುದಿಲ್ಲ. ನಿಮ್ಮದು ಸರ್ವೆ ಮರ. ಬೇಸರ ಬೇಡ, ಚಿಕ್ಕಂದಿನಲ್ಲಿ ನಾನೂ ಇದನ್ನೇ ಪೈನ್ ಎಂದು ನಂಬಿದ್ದೆ. ದಕ್ಷಿಣ ಭಾರತದಲ್ಲಿ ಸಹಜವಾಗಿ ಬೆಳೆಯುವ ಪೈನ್ ಇಲ್ಲವೇ ಇಲ್ಲ. ಊಟಿ, ಕೊಡೈಕೆನಾಲ್‌ನಲ್ಲಿರುವುದು ನೆಟ್ಟ ತೋಪು.

‘ಪೈನ್ ಅಳಿವಿನಂಚಿನಲ್ಲಿದೆ’ ಎಂಬ ಮಾತೂ ಸಡಿಲ. ಪೈನ್‌ಗಳಲ್ಲಿ ನೂರಕ್ಕೂ ಹೆಚ್ಚು ಪ್ರಭೇದಗಳಿವೆ, ಒಂದೊಂದರ ಪಾಡು ಒಂದೊಂದು. ಹಿಮಾಲಯದ ಚೀಡ್ ಎಂಬ ಪೈನ್‌ಗೆ ಸದ್ಯ ಆತಂಕವಿಲ್ಲ. ನಿಮ್ಮೂರಿನ ಒಣಹಣ್ಣಿನ ಅಂಗಡಿಯಲ್ಲಿ ಚಿಲ್ಗೋಜಾ ಕೇಳಿ ನೋಡಿ, ಅದೂ ಒಂದು ಪೈನ್‌ನ ಬೀಜ; ಎಷ್ಟು ಬೇಡಿಕೆಯೆಂದು ಬೆಲೆ ಕೇಳಿಯೇ ಗೊತ್ತಾಗುತ್ತದೆ. ಹಿಮಾಚಲ ಪ್ರದೇಶದ ಕಿನ್ನೌರಿನಲ್ಲಿ ಕಾಯಿ ಬಿರಿಯುವ ಮೊದಲೇ ಕಿತ್ತು ಬೀಜ ಮಾರುತ್ತಾರೆ, ನೆಲಕ್ಕೆ ಬಿದ್ದು ಮೊಳೆಯಲು ಉಳಿಯುವುದು ಅಷ್ಟಕ್ಕಷ್ಟೇ. ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಆ ಮರ ಅಪಾಯದ ಹೊಸ್ತಿಲಿನಲ್ಲಿದೆ.

ಉತ್ತರ ಅಮೆರಿಕದ ವೈಟ್‌ಬಾರ್ಕ್ ಪೈನ್ ಹೊಸ್ತಿಲನ್ನೂ ದಾಟಿದೆ. ಅದರ ಕಾಯಿ ತಾನಾಗಿ ಬಿರಿಯುವುದಿಲ್ಲ. ಕಾಗೆಯ ಕುಲದ ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಕೊಕ್ಕಿನಿಂದ ಕಾಯಿ ಒಡೆದು, ಚಳಿಗಾಲಕ್ಕೆಂದು ಸಾವಿರಾರು ಬೀಜಗಳನ್ನು ಅಲ್ಲಲ್ಲಿ ಹೂಳುತ್ತದೆ. ತಿನ್ನದೆ ಬಿಟ್ಟವು ಮರವಾಗುತ್ತವೆ. ಅಳಿಲುಗಳು ಕೂಡಿಟ್ಟ ಕಾಯಿಗಳನ್ನು ಗ್ರಿಜ್ಲಿ ಕರಡಿ ಕೆದಕಿ ತಿನ್ನುತ್ತದೆ. ಹೊರಗಿನಿಂದ ಬಂದ ತುಕ್ಕು ರೋಗ, ತೊಗಟೆ ಕೊರೆಯುವ ದುಂಬಿ, ಏರುತ್ತಿರುವ ಸೆಕೆ ಮೂರೂ ಸೇರಿ ಮರಗಳು ಒಣಗಿದವು. ಕಾಯಿ ಕಡಿಮೆಯಾದ ಕಾಡಿಗೆ ಹಕ್ಕಿ ಬರುವುದು ಬಿಡುತ್ತದೆ. ಹಕ್ಕಿ ಬಾರದೆ ಹೊಸ ಸಸಿ ಏಳುವುದಿಲ್ಲ. 2022ರಲ್ಲಿ ಅಮೆರಿಕ ಅದನ್ನು ಕಾನೂನಿನ ರಕ್ಷಣೆಗೆ ಸೇರಿಸಿತು.

ಇನ್ನು ನಿಮ್ಮ ಮನವಿ. ಸರ್ವೆ ಅಪರೂಪದ ಮರವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ, ಕಡಿಯಲು ಅನುಮತಿ ಬೇಡವೆಂದು ಬಿಟ್ಟ ಮರಗಳ ಸಾಲಿನಲ್ಲಿ ಅದೂ ಇದೆ. ‘ಅಳಿವಿನಂಚಿನ ಪೈನ್’ ಎಂದು ಬರೆದರೆ ಅಧಿಕಾರಿ ಒಂದು ಕಡ್ಡಿ ಮುರಿದು ತೋರಿಸಿ ಅರ್ಜಿಯನ್ನು ಪಕ್ಕಕ್ಕಿಡುತ್ತಾರೆ. ಆ ಸಾಲನ್ನು ಹೊಡೆದುಹಾಕಿ. ಹದ್ದಿನ ಗೂಡಿನ ಫೋಟೋ ತೆಗೆದು, ಮರಿ ಹಾರುವವರೆಗಾದರೂ ಕೊಡಲಿ ತಡೆಯಿರಿ ಎಂದು ಕೇಳಿ. ಕಲಬುರಗಿಯ ಮೇ ತಿಂಗಳ ಬಿಸಿಲನ್ನು ವಿವರಿಸುವ ಅಗತ್ಯ ಬಾರದು. ಆ ಏಳು ಮರಗಳ ಕೆಳಗೆ ಮಧ್ಯಾಹ್ನ ಕೂರುವವರೆಲ್ಲರ ಸಹಿ ಹಾಕಿಸಿ, ತರಕಾರಿ ಗಾಡಿಯವರದ್ದೂ ಸೇರಿ.