ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಲ್ಲಿ ಪೂಜಿಸೋ ಸಂತ ಕಿಲಿಯನ್ ಯಾರು, ಅವ್ರನ್ನ ಯಾಕೆ ಕೊಂದ್ರು?

ಕಿಲಿಯನ್ ಐರ್ಲೆಂಡಿನವ್ರು, 7ನೇ ಶತಮಾನದಲ್ಲಿ ಕೋಲ್ಮನ್, ಟೋಟ್ನನ್ ಅನ್ನೋ ಇಬ್ರು ಜೊತೆಗಾರರನ್ನ ಕರ್ಕೊಂಡು ಧರ್ಮಪ್ರಚಾರಕ್ಕೆ ವ್ಯೂರ್ಟ್ಸ್‌ಬುರ್ಗ್‌ಗೆ ಹೋದ್ರು. ಅಲ್ಲಿನ ಡ್ಯೂಕ್ ಗೋಜ್ಬರ್ಟ್ ಕ್ರೈಸ್ತನೂ ಆದ, ಆದ್ರೆ ತೀರಿಹೋದ ಸಹೋದರನ ಹೆಂಡ್ತಿ ಗೈಲಾನಾಳನ್ನ ಮದ್ವೆ ಆಗಿದ್ದ, ಅದು ಚರ್ಚ್ ನಿಯಮಕ್ಕೆ ಆಗಲ್ಲ, ಅವ್ಳನ್ನ ಬಿಡು ಅಂದ್ರಂತೆ ಕಿಲಿಯನ್. ಅಲ್ಲೇ ಎಡವಟ್ಟಾಗಿದ್ದು. ಡ್ಯೂಕ್ ಊರಲ್ಲಿಲ್ದಾಗ, 689ರ ಸುಮಾರಿಗೆ, ಅವ್ಳು ಮೂವರನ್ನೂ ಕೊಲ್ಲಿಸಿದ್ಲು ಅಂತ ಕಥೆ. ಇದನ್ನ ಬರೆದಿಟ್ಟಿದ್ದು ಎಷ್ಟೋ ಕಾಲ ಆದ್ಮೇಲೆ, ಹಾಗಾಗಿ ಎಲ್ಲಾ ತಪ್ಪು ಅವ್ಳ ತಲೆಗೇ ಕಟ್ಟಿರೋದು ನಂಗ್ಯಾಕೋ ಸ್ವಲ್ಪ ಅನುಮಾನ.

8ನೇ ಶತಮಾನದಲ್ಲಿ ಬಿಷಪ್ ಬುರ್ಕಾರ್ಡ್ ಅವಶೇಷಗಳನ್ನ ಹೊರತೆಗೆಸಿ ಗೌರವ ಕೊಟ್ರು. ಮೂವರ ತಲೆಬುರುಡೆಗಳು ಈಗ್ಲೂ ಅಲ್ಲಿನ ಕೆಥೆಡ್ರಲ್‌ನಲ್ಲಿವೆ, ಹಬ್ಬ ಜುಲೈ 8ಕ್ಕೆ. ಅದೇ ಟೈಮಲ್ಲಿ ಕಿಲಿಯಾನಿ ಅಂತ ದೊಡ್ಡ ಜಾತ್ರೆ, ಜೈಂಟ್ ವೀಲು, ಬಿಯರು ಎಲ್ಲಾ ಇರತ್ತೆ.