ಮಲ್ಪೆಗೆ ಜೂನ್‌ನಲ್ಲಿ ಹೋಗಬಹುದೇ?

ಪ್ರಶ್ನೆ: ಜೂನ್ ಕೊನೆಯ ವಾರ ಮಲ್ಪೆಗೆ ಹೊರಟಿದ್ದೇವೆ. ಎಪ್ಪತ್ತು ದಾಟಿದ ಅತ್ತೆಯವರೂ ಬರುತ್ತಾರೆ. ಸೇಂಟ್ ಮೇರಿಸ್ ದ್ವೀಪ ನೋಡಿ, ಬಂದರಿನಲ್ಲಿ ತಾಜಾ ಮೀನು ಕೊಂಡು ಊರಿಗೆ ತರುವ ಆಸೆ. ಕೆಡದಂತೆ ತರುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಾಧ್ಯವಿದ್ದರೆ ಮೊದಲು ತಾರೀಖು ಬದಲಿಸಿ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮೊಟ್ಟೆಯಿಡುವ ಕಾಲವೆಂದು, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಲೆ ಎಳೆದೊಯ್ಯುವ ಟ್ರಾಲ್, ಮೀನಿನ ಹಿಂಡಿಗೆ ಸುತ್ತ ಬಲೆ ಬಿಡುವ ಪರ್ಸೀನ್ ಬೋಟುಗಳೆಲ್ಲ ದಕ್ಕೆಯಲ್ಲೇ, ಅಂದರೆ ಬಂದರಿನ ಕಟ್ಟೆಯಲ್ಲೇ, ಕಟ್ಟಿರುತ್ತವೆ. ಕಡಲು ಬಿಡುವು ಕೊಟ್ಟ ದಿನ ನಾಡದೋಣಿಯವರು ತಂದದ್ದಷ್ಟೇ ಹಸಿಮೀನು. ಅದಕ್ಕೆ ರೇಟೂ ಜಾಸ್ತಿ. ಮಳೆಗಾಲದಲ್ಲಿ ದ್ವೀಪದ ಬೋಟೂ ಇಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗೆ ಬಂದರೆ ಎರಡೂ ಸಿಗುತ್ತವೆ.

ದ್ವೀಪಕ್ಕೆ ಬೆಳಗಿನ ಬೋಟನ್ನೇ ಹಿಡಿಯಿರಿ. ಅಲ್ಲಿ ನೆರಳು ಕಡಿಮೆ, ಹತ್ತರ ಮೇಲೆ ಬಿಸಿಲು ತಡೆಯದು. ಲಾವಾ ತಣ್ಣಗಾಗುತ್ತ ಕುಗ್ಗಿ, ಬಿರುಕುಬಿಟ್ಟು ಆದ ಕಂಬಗಲ್ಲುಗಳೇ ಅಲ್ಲಿನ ವಿಶೇಷ. ಹೆಚ್ಚಿನವಕ್ಕೆ ಐದಾರು ಮುಖ. ನೀರಂಚಿನಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಚಪ್ಪಲಿ ನಿಲ್ಲುವುದಿಲ್ಲ, ಫೋಟೊಗೆಂದು ಹತ್ತಿ ಜಾರುವವರೇ ಹೆಚ್ಚು. ಅಲೆಗೆ ಬೋಟು ಏಳುತ್ತ ಬೀಳುತ್ತ ಇರುವಾಗ ಹತ್ತಿಳಿಯಬೇಕಾದ್ದರಿಂದ, ಅತ್ತೆಯವರಿಗೆ ಮಂಡಿನೋವಿದ್ದರೆ ಒತ್ತಾಯ ಬೇಡ. ಬಂದರಿನ ಪಕ್ಕ ಕಡಲಿಗೆ ಚಾಚಿದ ಕಾಲುದಾರಿ ಸೀವಾಕ್‌ನಲ್ಲಿ ಕೂತು ಗಾಳಿ ತೆಗೆದುಕೊಳ್ಳಲಿ.

ಇನ್ನು ಮೀನು. ದಕ್ಕೆಗೆ ನಸುಕಿನಲ್ಲೇ ಹೋಗಿ. ಅಲ್ಲಿನ ಏಲಂ (ಹರಾಜು) ದೊಡ್ಡ ಲೆಕ್ಕದ್ದು. ನಿಮಗೆ ಬೇಕಾದ ಎರಡು ಮೂರು ಕಿಲೋವನ್ನು ಬುಟ್ಟಿಯಿಟ್ಟು ಕೂತ ಹೆಂಗಸರ ಹತ್ತಿರ ಕೊಳ್ಳಿ. ಚೌಕಾಸಿ ಮಾಡಿ, ಆದರೆ ಮೀನನ್ನು ಹಿಚುಕಿ ಹಿಚುಕಿ ನೋಡಬೇಡಿ, ಬೈಸಿಕೊಳ್ಳುತ್ತೀರಿ. ಕಿವಿರು ಎತ್ತಿ ತೋರಿಸಲು ಕೇಳಿ: ಕೆಂಪಗಿರಬೇಕು, ಕಂದಿರಬಾರದು. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು.

ದೂರಕ್ಕೆ ಬೂತಾಯಿ (ಸಾರ್ಡೀನ್) ಬೇಡ. ಎಣ್ಣೆಯಂಶ ಹೆಚ್ಚು, ಹೊಟ್ಟೆ ಬೇಗ ಒಡೆಯುತ್ತದೆ. ಅಂಜಲ್ (ಸೀರ್ ಮೀನು) ಅಥವಾ ಮಾಂಜಿ (ಪಾಂಫ್ರೆಟ್) ತಡೆಯುತ್ತದೆ. ಬಂಗುಡೆ (ಮ್ಯಾಕೆರೆಲ್) ಆದರೆ ಕರುಳು, ಕಿವಿರು ಅಲ್ಲೇ ತೆಗೆಸಿ. ಕಿಲೋ ಮೀನಿಗೆ ಕಿಲೋ ಪುಡಿ ಐಸು, ಒಂದು ಪದರ ಅದು, ಒಂದು ಪದರ ಇದು. ಅಡಿಗೂ ಮೇಲಕ್ಕೂ ಐಸೇ ಇರಲಿ. ಥರ್ಮಾಕೋಲ್ ಪೆಟ್ಟಿಗೆಯ ಅಂಚಿಗೆ ಟೇಪು ಸುತ್ತಿ. ಕರಗಿದ ನೀರಲ್ಲಿ ಮುಳುಗಿದ ಮೀನು ರುಚಿಗೆಟ್ಟು ಮೆತ್ತಗಾಗುತ್ತದೆ, ಹಾಗಾಗಿ ಘಾಟಿ ಹತ್ತಿದ ಮೇಲೆ ಒಮ್ಮೆ ನೀರು ಬಸಿದು, ಶಿವಮೊಗ್ಗದಲ್ಲಿ ಐಸು ತುಂಬಿಸಿಕೊಳ್ಳಿ. ಬಸ್ಸಿನಲ್ಲಾದರೆ ಕಂಡಕ್ಟರರನ್ನು ಮೊದಲೇ ಕೇಳಿಬಿಡಿ. ನೀರು ಸೋರಿತೆಂದರೆ ಪೆಟ್ಟಿಗೆಯ ಜೊತೆ ನಿಮ್ಮನ್ನೂ ಇಳಿಸಿಯಾರು!