ಚರ್ಮ ಒಡೆದರೆ ‘ವಾಯು ಜಾಸ್ತಿ’ ಅಂತಲೇ ಅರ್ಥವೇ?

ಓದುಗರ ಪತ್ರ: ನನಗೆ 52 ವರ್ಷ. ಮಗಳ ಕೆಲಸದ ಸಲುವಾಗಿ ಕುಂದಾಪುರ ಬಿಟ್ಟು ಧಾರವಾಡಕ್ಕೆ ಬಂದೆವು. ಎರಡು ಚಳಿಗಾಲದಿಂದ ಕಾಲಿನ ಚರ್ಮ ಬಿರಿದು ಬಿಳಿ ಪುಡಿ ಏಳುತ್ತಿದೆ, ಹಿಮ್ಮಡಿ ಒಡೆದಿದೆ. ಅಂಗಡಿಯೊಂದರಲ್ಲಿ ‘ನಿಮಗೆ ವಾಯು ಜಾಸ್ತಿ, ಪೃಥ್ವಿ ಕಡಿಮೆ’ ಎಂದು ಪಂಚಭೂತಕ್ಕೆ ಐದು ಡಬ್ಬಿ ಕ್ರೀಮು ಕೊಟ್ಟರು, ₹3,800 ಆಯಿತು. ಗುಣ ಕಾಣಲಿಲ್ಲ. ರಸಾಯನಶಾಸ್ತ್ರ ಓದಿದ ಮಗಳು, ‘ಮೂಲವಸ್ತು 118 ಇವೆ, ಐದು ಅನ್ನೋದೇ ಸುಳ್ಳು’ ಅನ್ನುತ್ತಾಳೆ. ಯಾರ ಮಾತು ನಂಬಲಿ?

ಸಂಪಾದಕರ ಉತ್ತರ:

ಅಕ್ಕಾ, ನಿಮ್ಮ ಪತ್ರ ಎರಡು ಸಲ ಓದಿದೆ. ದುಡ್ಡು ಹೋದ ಬೇಸರಕ್ಕಿಂತ, ಚಿಕ್ಕಂದಿನಿಂದ ಕೇಳಿದ ಮಾತೇ ಸುಳ್ಳಾ ಅನ್ನುವ ಬೇಸರ ನಿಮಗೆ ಹೆಚ್ಚು ಅನಿಸಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮಗಳು ಹೇಳಿದ್ದು ಸರಿ, 118 ಇವೆ. ಆದರೆ ಭೂತಗಳನ್ನು ಆ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬಾರದು. ಎರಡೂ ಬೇರೆ ಬೇರೆ ಲೆಕ್ಕ. ಆಯುರ್ವೇದ ಕಟ್ಟಿದವರ ಬಳಿ ಇದ್ದದ್ದು ಕಣ್ಣು, ಕೈ, ನಾಲಿಗೆ. ಭಾರವಾಗಿ, ಗಟ್ಟಿಯಾಗಿ, ಕದಲದೆ ಇರುವುದನ್ನು ಪೃಥ್ವಿ ಎಂದರು. ಹರಿಯುವುದು, ತಂಪು, ಅಂಟು ಇದ್ದರೆ ನೀರು. ಬಿಸಿ ಮತ್ತು ತೀಕ್ಷ್ಣವಾದದ್ದು ಅಗ್ನಿ. ಒಣಗಿಸುವುದು, ಹಗುರ, ಓಡಾಡುವುದು ವಾಯು. ಇವೆಲ್ಲಕ್ಕೂ ಜಾಗ ಕೊಡುವ ಟೊಳ್ಳು ಆಕಾಶ. ಅಂದರೆ ಇವು ಗುಣಗಳಿಗೆ ಇಟ್ಟ ಹೆಸರು. ಆ ಭಾಷೆಯನ್ನು ನಾವು ಈಗಲೂ ಮನೆಯಲ್ಲಿ ಆಡುತ್ತೇವೆ, ಅಲ್ವಾ? ಆಲೂಗೆಡ್ಡೆ ವಾಯು, ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು. ಕೋಪ ಬಂದವರಿಗೆ ಪಿತ್ತ ನೆತ್ತಿಗೇರಿದೆ ಅನ್ನುತ್ತೇವೆ.

ಈ ಐದರಿಂದಲೇ ಮೂರು ದೋಷಗಳು. ದೋಷ ಅಂದರೆ ಇಲ್ಲಿ ತಪ್ಪು ಅಂತಲ್ಲ, ಮೈಯನ್ನು ನಡೆಸುವ ಶಕ್ತಿ. ಆಕಾಶ ಮತ್ತು ವಾಯು ಸೇರಿದರೆ ವಾತ. ಅಗ್ನಿ ಮುಖ್ಯವಾಗಿ, ಜೊತೆಗೆ ನೀರಿನ ಅಂಶ ಇದ್ದರೆ ಪಿತ್ತ. ನೀರು, ಪೃಥ್ವಿ ಕೂಡಿದರೆ ಕಫ. ವಾತದವರ ಚರ್ಮ ಒಣ, ಒರಟು. ಪಿತ್ತದವರದ್ದು ಬೆಚ್ಚಗೆ, ಬೇಗ ಕೆಂಪಾಗುವಂಥದ್ದು, ಮಚ್ಚೆಗಳೂ ಜಾಸ್ತಿ. ಕಫದವರದ್ದು ನುಣುಪು, ಜಿಡ್ಡು. ಒಬ್ಬರಲ್ಲಿ ಒಂದೇ ಇರುತ್ತದೆ ಅಂತಲ್ಲ. ಹೆಚ್ಚಿನವರು ಬೆರಕೆಯೇ.

ಚರ್ಮದ ಬಗ್ಗೆ ಹಳೆಯ ವೈದ್ಯರು ಬರೆದದ್ದು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಗರ್ಭದಲ್ಲಿ ಚರ್ಮ ಹೇಗೆ ಮೂಡುತ್ತದೆ? ಕಾಯುತ್ತಿರುವ ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ಅನ್ನುತ್ತಾನೆ ಸುಶ್ರುತ. ಅಡುಗೆಮನೆಯಲ್ಲಿ ದಿನಾ ಕಾಣುವ ಹೋಲಿಕೆ! ಅವನ ಲೆಕ್ಕದಲ್ಲಿ ಚರ್ಮಕ್ಕೆ 7 ಪದರ. ಎಲ್ಲಕ್ಕಿಂತ ಮೇಲಿನದು ಅವಭಾಸಿನಿ, ಮೈಬಣ್ಣ ಅಲ್ಲಿ ಕಾಣುತ್ತದೆ. ಅದರ ದಪ್ಪ ಭತ್ತದ ಕಾಳಿನ 18ನೇ ಒಂದು ಭಾಗ. ಚರಕ ಸಂಹಿತೆಯಲ್ಲಿ ಪದರ 6 ಮಾತ್ರ. ಇಬ್ಬರ ಲೆಕ್ಕ ಕೂಡುವುದಿಲ್ಲ. ಎರಡನ್ನೂ ಹಾಗೇ ಉಳಿಸಿಕೊಂಡು ಬಂದಿದ್ದಾರೆ, ಅದು ನನಗೆ ಒಳ್ಳೆಯದೇ ಅನಿಸುತ್ತದೆ.

ಐದು ಭೂತಕ್ಕೆ ಐದು ಇಂದ್ರಿಯ. ಕಿವಿ ಆಕಾಶದ್ದು, ಕಣ್ಣು ಅಗ್ನಿಯದ್ದು, ನಾಲಿಗೆ ನೀರಿನದ್ದು, ಮೂಗು ಪೃಥ್ವಿಯದ್ದು. ಚರ್ಮ ವಾಯುವಿನದ್ದು. ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಸೋಕಿದಾಗಲೇ ಗೊತ್ತಾಗುತ್ತದೆ. ಚರಕನ ಮಾತು ಇಲ್ಲಿಂದಲೇ ಮುಂದೆ ಹೋಗುತ್ತದೆ: ಸ್ಪರ್ಶದಲ್ಲಿ ವಾಯುವೇ ಹೆಚ್ಚು, ಸ್ಪರ್ಶ ಇರುವುದು ಚರ್ಮದಲ್ಲಿ, ಎಣ್ಣೆ ಹಚ್ಚುವುದು ಚರ್ಮಕ್ಕೆ ಬಹಳ ಒಳ್ಳೆಯದು, ಆದ್ದರಿಂದ ಅದನ್ನು ರೂಢಿ ಮಾಡಿಕೊಳ್ಳಬೇಕು. ಹೋಲಿಕೆ ಮೂರು ಕೊಡುತ್ತಾನೆ. ಎಣ್ಣೆ ಹಿಡಿದ ಮಡಕೆ, ಎಣ್ಣೆ ತಿಕ್ಕಿದ ತೊಗಲು, ಕೀಲೆಣ್ಣೆ ಹಾಕಿದ ಬಂಡಿಯ ಅಚ್ಚು. ಮೂರೂ ಗಟ್ಟಿಯಾಗಿ ತಾಳುತ್ತವೆ, ಮೈಯೂ ಹಾಗೆಯೇ. ಹಚ್ಚಿದ ಎಣ್ಣೆಯನ್ನು ಅರಗಿಸುವುದು ಭ್ರಾಜಕ ಪಿತ್ತ, ಅಂದರೆ ಚರ್ಮದಲ್ಲಿರುವ ಅಗ್ನಿ. ಮೈಗೆ ಹೊಳಪು ಕೊಡುವುದೂ ಅದೇ ಅನ್ನುತ್ತಾರೆ.

ಈಗ ನಿಮ್ಮ ಕಾಲಿಗೆ ಬರೋಣ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕುಂದಾಪುರದಲ್ಲಿ ಸಮುದ್ರದ ಗಾಳಿ, ಯಾವಾಗಲೂ ತೇವ. ಧಾರವಾಡದ ಚಳಿಗಾಲದ ಗಾಳಿ ಒಣ. ಇಂದಿನ ಚರ್ಮವೈದ್ಯರು ಚರ್ಮದ ಮೇಲ್ಪದರದಿಂದ ನೀರು ಆರಿಹೋಯಿತು ಅನ್ನುತ್ತಾರೆ. ಹಳಬರು ವಾಯುವಿನ ಒಣಗುಣ ಏರಿತು ಅನ್ನುತ್ತಾರೆ. ನಿಮ್ಮ ಕಾಲಿನ ಮೇಲೆ ಇಬ್ಬರಿಗೂ ಕಾಣುತ್ತಿರುವುದು ಒಂದೇ. ವಯಸ್ಸು 50 ದಾಟಿ ಮುಟ್ಟು ನಿಲ್ಲುವ ಹೊತ್ತಿಗೆ ಚರ್ಮ ಒಣಗುವುದೂ ಸಹಜ. ಮನೆಯಲ್ಲಿ ಬೋರ್‌ವೆಲ್ ನೀರು ಇದೆಯೇ ನೋಡಿ. ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಸರಿಯಾಗಿ ತೊಳೆದೂ ಹೋಗುವುದಿಲ್ಲ. ಮೈಮೇಲೆ ಉಳಿದು ಕೆರೆತ ತರುತ್ತದೆ.

ಅಂಗಡಿಯವರು ‘ವಾಯು ಜಾಸ್ತಿ’ ಅಂದದ್ದು ತಪ್ಪಿರಲಿಕ್ಕಿಲ್ಲ. ತಪ್ಪಿದ್ದು ಆಮೇಲೆ. ಆಯುರ್ವೇದದ ನಿಯಮ ಸರಳ: ಯಾವ ಗುಣ ಏರಿದೆಯೋ ಅದರ ಎದುರು ಗುಣ ಕೊಡು. ಒಣಗಿದರೆ ಜಿಡ್ಡು, ಚಳಿಗೆ ಬೆಚ್ಚಗೆ. ಅದಕ್ಕೆ ಒಂದು ಎಣ್ಣೆ ಸಾಕು. ಆಕಾಶಕ್ಕೊಂದು ಡಬ್ಬಿ, ಅಗ್ನಿಗೊಂದು ಡಬ್ಬಿ ಎಂದು ಮಾರುವುದನ್ನು ನಾನು ಒಪ್ಪುವುದಿಲ್ಲ. ಏರಿದ್ದು ಒಂದೇ ಆದಾಗ ಐದನ್ನೂ ಹಚ್ಚಿ ಅನ್ನುವುದು ಆ ಶಾಸ್ತ್ರಕ್ಕೇ ಹೊಂದುವುದಿಲ್ಲ.

ಹೀಗೆ ಮಾಡಿ ನೋಡಿ. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಉಗುರುಬೆಚ್ಚಗಿನ ಎಳ್ಳೆಣ್ಣೆ ಕಾಲಿಗೆ, ಪಾದಕ್ಕೆ ಹಚ್ಚಿ ನಿಧಾನವಾಗಿ ತಿಕ್ಕಿ. ಊರಿನಿಂದ ತಂದ ತೆಂಗಿನೆಣ್ಣೆ ಇದ್ದರೆ ಅದೂ ಆಗಬಹುದು. ಜ್ವರ, ಅಜೀರ್ಣ ಇದ್ದ ದಿನ ಬೇಡ ಎಂದು ಹಳೆಯ ಗ್ರಂಥಗಳೇ ಹೇಳುತ್ತವೆ. ಸುಡುವ ನೀರು ಬೇಡ, ಹದವಾದ ಬಿಸಿ ಸಾಕು. ಸೋಪು ಕಂಕುಳು, ಪಾದದಂಥ ಕಡೆ ಮಾತ್ರ. ಉಳಿದ ಕಡೆ ಜಿಡ್ಡು ಹೋಗಲು ತೆಳ್ಳಗೆ ಹೆಸರುಹಿಟ್ಟು ಸಾಕು. ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ಹಸಿ ಇರುವಾಗಲೇ ಸುವಾಸನೆ ಇಲ್ಲದ ಸಾದಾ ಲೋಷನ್ ಅಥವಾ ಎರಡು ಹನಿ ಎಣ್ಣೆ ಸವರಿ. ರಾತ್ರಿ ಹಿಮ್ಮಡಿಗೆ ದಪ್ಪಗೆ ಹಚ್ಚಿ ಕಾಟನ್ ಸಾಕ್ಸ್ ಹಾಕಿ ಮಲಗಿ. ಎಣ್ಣೆ ಪಾದದಲ್ಲಿ ಕಲ್ಲಿನ ನೆಲದ ಮೇಲೆ ನಡೆಯಬೇಡಿ ಅಕ್ಕಾ, ಜಾರುತ್ತದೆ.

ಊಟದ ವಿಷಯದಲ್ಲಿ ಧಾರವಾಡದವರನ್ನೇ ನೋಡಿ. ಒಣ ಜೋಳದ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಳ್ಳುತ್ತಾರೆ, ಶೇಂಗಾ ಚಟ್ನಿಗೆ ಎಣ್ಣೆ ಬಿಟ್ಟುಕೊಳ್ಳುತ್ತಾರೆ. ಒಣದ ಎದುರು ಜಿಡ್ಡು! ಖಾರದ ರುಚಿಯಲ್ಲಿ ಅಗ್ನಿ, ವಾಯು ಎರಡೂ ಇವೆ ಅನ್ನುತ್ತದೆ ಶಾಸ್ತ್ರ. ಈ ಚಳಿಗಾಲ ಖಾರ ಸ್ವಲ್ಪ ಇಳಿಸಿ ನೋಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಥೈರಾಯ್ಡ್ ಕಡಿಮೆಯಾದರೂ ಚರ್ಮ ಹೀಗೆ ಒಣಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಹಿಮ್ಮಡಿಯ ಬಿರುಕು ಹುಣ್ಣಾಗಬಹುದು. ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿ. ಬಿರುಕಿನಲ್ಲಿ ರಕ್ತ, ಕೀವು ಕಂಡರೆ ಎಣ್ಣೆ ನಿಲ್ಲಿಸಿ ಚರ್ಮವೈದ್ಯರ ಹತ್ತಿರ ಹೋಗಿ. ಹೋಗುವಾಗ ಆ ಐದು ಡಬ್ಬಿಗಳನ್ನೂ ಜೊತೆಗೆ ಒಯ್ಯಿರಿ. ಒಳಗೆ ಏನಿದೆ ಎಂದು ಲೇಬಲ್ ಮೇಲೆ ಬರೆದಿಲ್ಲದಿದ್ದರೆ ಇನ್ನು ಹಚ್ಚಲೇಬೇಡಿ. ಕೆಲವು ಕ್ರೀಮುಗಳಲ್ಲಿ ಹೇಳದೆ ಸ್ಟೆರಾಯ್ಡ್ ಅಥವಾ ಪಾದರಸ ಬೆರೆಸುವುದುಂಟು.

ಮಗಳಿಗೆ ಈ ಪತ್ರ ಓದಲು ಕೊಡಿ. ಗಡಸು ನೀರಿನಲ್ಲಿ ಸೋಪು ಯಾಕೆ ನೊರೆ ಕೊಡುವುದಿಲ್ಲ ಅನ್ನುವುದನ್ನು ಅವಳು ನನಗಿಂತ ಚೆನ್ನಾಗಿ ವಿವರಿಸುತ್ತಾಳೆ. ತಿಂಗಳು ಕಳೆದ ಮೇಲೆ ಕಾಲು ಹೇಗಿದೆ ಎಂದು ಒಂದು ಸಾಲು ಬರೆಯಿರಿ, ಕಾಯುತ್ತಿರುತ್ತೇನೆ.